ಚೌಕಟ್ಟಿಗೆ ಬಾರದ ಕೈ

ಮೇಷ್ಟ್ರು ಸತ್ತು ವರ್ಷವಾಗುತ್ತ ಬಂದಿತ್ತು. ಅವರ ಅಂಗಿಗಳು ಯಾರ್ಯಾರದೋ ಮೈಮೇಲೆ ಓಡಾಡುತ್ತಿದ್ದವು. ಕನ್ನಡಕ ಮೇಜಿನ ಖಾನೆ ಸೇರಿತ್ತು. ಡ್ರೈವಿಂಗ್ ಸ್ಕೂಲಿನ ಬೋರ್ಡಿನಲ್ಲಿ ಅವರ ಹೆಸರಿದ್ದ ಕಡೆ ಮಗನ ಹೆಸರು ಬಂದಿತ್ತು. ಅವರ ಕೊನೆಯ ಮಾತೊಂದು ಮಾತ್ರ ಇನ್ನೂ ಮನೆ ಮುಟ್ಟಿರಲಿಲ್ಲ.

ಅದು ಮಗಳ ಬಳಿ ಇದೆ ಎಂದು ಅಮ್ಮ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಮಾತಾಡಿಸಿಕೊಂಡು ಹೋಗಲು ಬಂದವರು, ಮೆಟ್ಟಿಲಲ್ಲಿ ಎದುರಾದವರು, ಔಷಧಿ ಅಂಗಡಿಯವನು, ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

"ಎಲ್ಲರ ಮನೇಲೂ ಹೋಗೋವಾಗ ಏನಂದ್ರು ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನಮ್ಮಲ್ಲಿ ಆ ರಗಳೆನೇ ಇಲ್ಲ. ರೆಕಾರ್ಡ್ ಆಗಿದೆ."

"ಏನಂದ್ರು?"

"ನಾನಿನ್ನೂ ಕೇಳಿಲ್ಲ. ಕೇಳಿಸ್ತಾಳೆ. ಸಿನಿಮಾ ಅಂದ್ರೆ ಸುಮ್ನೇನಾ? ಹದ ಮಾಡ್ಬೇಕಂತೆ."

ಈ 'ಹದ ಮಾಡಬೇಕು' ಎನ್ನುವುದು ಮಗಳೇ ಕಲಿಸಿದ ಮಾತು. ವರ್ಷದಿಂದ ಅದೊಂದರ ಹಿಂದೆ ಅವಳು ಅಡಗಿ ಕೂತಿದ್ದಳು.

ಮನೆಯಲ್ಲಿ ಅವಳ ಹೆಸರು ಸೆಕೆಂಡು. ಎರಡನೆಯ ಮಗು ಎಂದಲ್ಲ. ಮೇಷ್ಟ್ರು ಅರ್ಧ ಊರಿಗೆ ಕಾರು ಕಲಿಸಿದವರು, ಸ್ವಂತ ಮಗಳಿಗೆ ಮಾತ್ರ ಎರಡನೇ ಗೇರಿನಿಂದ ಮೇಲೆ ಕಲಿಸಲಾಗಲಿಲ್ಲ. ಮೂರಕ್ಕೆ ಹಾಕು ಎಂದರೆ ಅವಳು ಕಿಟಕಿಯಾಚೆ ಯಾವುದೋ ಗೋಡೆಯ ಮೇಲೆ ಬಿದ್ದ ಬಿಸಿಲು ನೋಡುತ್ತಿರುತ್ತಿದ್ದಳು. ಕೊನೆಗೊಂದು ದಿನ ಅವರು ತಮ್ಮ ಕಡೆಯ ಬ್ರೇಕನ್ನು ಒತ್ತಿ ಗಾಡಿ ನಿಲ್ಲಿಸಿ, "ಇಳಿಯಮ್ಮ ಸೆಕೆಂಡು, ನೀನು ಹಿಂದೆ ಕೂತ್ಕೋ. ನಿಂಗೆ ನೋಡೋದಷ್ಟೇ ಬರೋದು," ಅಂದಿದ್ದರು. ಅವಳು ಹಿಂದಿನ ಸೀಟಿಗೆ ಹೋದಳು. ಕೆಲವು ವರ್ಷ ಕಳೆದ ಮೇಲೆ ಅದೇ ಸೀಟಿಗೆ ಕ್ಯಾಮೆರಾ ತಂದಳು.

ಹಾಗೆ ಶುರುವಾದ ಸಿನಿಮಾ ಅದು. ಮುಂದಿನ ಸೀಟಿನಲ್ಲಿ ಬೆವರುವ ಕಲಿಕೆಯವರು, ಪಕ್ಕದಲ್ಲಿ ಅಪ್ಪ, ಅವರ ಕಾಲಡಿ ಆ ಎರಡನೆಯ ಬ್ರೇಕು. "ಕ್ಲಚ್ ಬಿಡಿ, ನಿಧಾನ. ಗಾಡಿಗೆ ನಿಮ್ಮ ಮೇಲೇನೂ ದ್ವೇಷ ಇಲ್ಲ." ಅಪ್ಪ ಎಂದೂ ಕೂಗಾಡಿದವರಲ್ಲ. ಅವರ ಸಿಟ್ಟೆಲ್ಲ ಬಲಗಾಲಿಗೆ ಇಳಿಯುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮ ಏನಾದರೂ ಹೆಚ್ಚು ಮಾತಾಡಿದರೆ ಮೇಜಿನ ಕೆಳಗೆ ಆ ಕಾಲು ತಾನಾಗಿ ನೆಲ ಒತ್ತುತ್ತಿತ್ತು. "ಹಾಕಿ, ಹಾಕಿ, ನಾನೇನು ನಿಮ್ಮ ಹಳೇ ಕಾರಲ್ಲ," ಎಂದು ಅಮ್ಮ ಬಡಿಸುತ್ತಲೇ ಇರುತ್ತಿದ್ದಳು.

ತಮ್ಮ ಬದುಕನ್ನೇ ಸಿನಿಮಾ ಮಾಡುವವರನ್ನು ಸೆಕೆಂಡು ಬೇಕಾದಷ್ಟು ನೋಡಿದ್ದಳು. ಕನ್ನಡಿಯ ಮುಂದೆ ಕ್ಯಾಮೆರಾ ಹಿಡಿದು ಅಳುವವರು. ಹಳೆಯ ಫೋಟೋ ಒಂದೊಂದೇ ತೋರಿಸುತ್ತ ಗದ್ಗದ ದನಿಯಲ್ಲಿ ಕಥೆ ಹೇಳುವವರು. ತಾಯಿಯನ್ನು ಅಡುಗೆಮನೆಯ ಮೂಲೆಗೆ ಒತ್ತಿ 'ಆಗ ನೀನು ಯಾಕೆ ಸುಮ್ಮನಿದ್ದೆ' ಎಂದು ಕೇಳಿ, ಆಕೆ ಸೆರಗಿನಲ್ಲಿ ಮುಖ ಮುಚ್ಚಿದರೆ ಅದನ್ನೇ ಹತ್ತಿರದಿಂದ ಹಿಡಿಯುವವರು. ಇವರೆಲ್ಲರ ಮೇಲೆ ಅವಳಿಗೆ ಅಸಹ್ಯವಿತ್ತು. ಅವಳ ನಿಯಮ ಒಂದೇ: ತನ್ನ ಕಥೆಯಲ್ಲಿ ತಾನಿರಬಾರದು. ದನಿ ಬೇಡ, ನೆರಳು ಬೇಡ, ಚೌಕಟ್ಟಿನೊಳಗೆ ತನ್ನದೊಂದು ಬೆರಳೂ ಬರಬಾರದು. ನೋಡಿದ್ದಷ್ಟೇ ಸಾಕು, ನೋಡಿದವಳು ಯಾರೆಂಬುದು ಅದರಲ್ಲೇ ಗೊತ್ತಾಗಬೇಕು. ಯಾವುದಾದರೂ ದೃಶ್ಯದಲ್ಲಿ ಕಾರಿನ ಬಾಗಿಲು ಹಾಕುವ ತನ್ನ ಕೈ ಕಂಡರೆ ಅದೆಷ್ಟೇ ಚೆನ್ನಾಗಿರಲಿ, ಕತ್ತರಿಸಿ ಎಸೆಯುತ್ತಿದ್ದಳು.

ಅವಳ ಸಿನಿಮಾಗಳ ಎಡಿಟರನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಬೊಕ್ಕತಲೆಯ, ದೊಡ್ಡ ಹೊಟ್ಟೆಯ ಮನುಷ್ಯ. ಅವನು ತಲೆ ಕೆರೆದುಕೊಂಡು ಒಮ್ಮೆ ಹೇಳಿದ್ದ: "ತಾಯಿ, ಇದು ಆತ್ಮಕಥೆ. ಆತ್ಮ ಎಲ್ಲಿ ಅಂತ ಕೇಳಿದ್ರೆ ಕ್ಯಾಮೆರಾ ಹಿಂದೆ ಅಂತ ನಾನು ಎಲ್ರಿಗೂ ಹೇಳ್ಕೊಂಡು ತಿರುಗ್ಬೇಕಾ?"

"ಹೇಳ್ಬೇಡ. ಅರ್ಥ ಆದವರಿಗೆ ಆಗುತ್ತೆ."

"ಆಗದೆ ಇದ್ದವರು ನನ್ನಂಥವರು. ಟಿಕೆಟ್ ತಗೊಳ್ಳೋರೂ ನನ್ನಂಥವರೇ."

ಆ ದಿನ ಮಧ್ಯಾಹ್ನ ಮನೆಯಲ್ಲಿ ಅವಳೂ ಅಪ್ಪನೂ ಮಾತ್ರ ಇದ್ದರು. ಅಪ್ಪನ ಮಂಚವನ್ನು ಡ್ರೈವಿಂಗ್ ಸ್ಕೂಲಿನ ಮುಂದಿನ ಕೋಣೆಗೆ ತಂದು ಹಾಕಿ ಬಹಳ ದಿನವಾಗಿತ್ತು. ಅಲ್ಲಿ ಬೆಳಕು ಚೆನ್ನಾಗಿತ್ತು. ಮಂಚದ ಆಚೆಯ ಗೋಡೆಯ ಉದ್ದಕ್ಕೂ ರಸ್ತೆಯ ಚಿಹ್ನೆಗಳ ಪಟ ಹಾಗೇ ಇತ್ತು. ಬೆಳಿಗ್ಗೆ ಬಂದಿದ್ದ ಡಾಕ್ಟರು ಅಪ್ಪನ ಅಂಗಿಗೆ ಸಿಕ್ಕಿಸಿದ್ದ ಗುಂಡಿಯಷ್ಟು ಮೈಕನ್ನು ಕಂಡು, "ಮೊದಲು ಅದನ್ನ ಆಫ್ ಮಾಡಿ, ಆಮೇಲೆ ಮಾತಾಡ್ತೀನಿ," ಎಂದಿದ್ದರು. ಅವಳು ಆಫ್ ಮಾಡಿದಳು. ಅವರು ಹೇಳಬೇಕಾದ್ದನ್ನು ಬಾಗಿಲಾಚೆ ನಿಂತು ಹೇಳಿ ಹೋದರು. ಅಣ್ಣ ಕಲಿಕೆಯವರನ್ನು ಕರೆದುಕೊಂಡು ಹೊರಟ. ಅಮ್ಮ ಹೊಸ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೊರಟಳು. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಇಲ್ಲೇ ಇರು, ಎಲ್ಲೂ ಏಳ್ಬೇಡ," ಎಂದು ಹೇಳಿ ಹೋದಳು.

ಸೆಕೆಂಡು ಎಲ್ಲಿಗೂ ಏಳಲಿಲ್ಲ. ಒಮ್ಮೆ ಮಾತ್ರ ಎದ್ದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅಮ್ಮ ಇಟ್ಟುಹೋಗಿದ್ದ ಸ್ಟೀಲಿನ ಲೋಟ, ಅದರೊಳಗಿನ ಚಮಚ, ಎರಡೂ ಕಿಟಕಿಯ ಬೆಳಕಿಗೆ ಹೊಳೆದು ಲೆನ್ಸಿಗೆ ಚುಚ್ಚುತ್ತಿದ್ದವು. ಅವನ್ನು ತೆಗೆದು ಬಾಗಿಲ ಹತ್ತಿರದ ಕಪಾಟಿನ ಮೇಲಿಟ್ಟು ಬಂದಳು. ಈಗ ಚೌಕಟ್ಟು ಶುಭ್ರವಾಯಿತು. ದೊಡ್ಡ ಹೆಡ್‌ಫೋನು ಕಿವಿಗೆ ಏರಿಸಿ, ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಕೂತಳು. ಆ ಹೆಡ್‌ಫೋನು ಹಾಕಿಕೊಂಡರೆ ಮೈಕಿನ ಸದ್ದು ಬಿಟ್ಟು ಬೇರೇನೂ ಕೇಳಿಸದು. ಮೈಕು ಆಫ್ ಆಗಿಯೇ ಇತ್ತು.

ಅಪ್ಪ ಕಣ್ಣು ತೆರೆದರು. ಸ್ಟೂಲಿನ ಕಡೆಗೊಮ್ಮೆ, ಆಮೇಲೆ ನೇರ ಲೆನ್ಸಿನ ಕಡೆಗೆ ನೋಡಿದರು. ತುಟಿ ಆಡಿತು. ಸಣ್ಣದೊಂದು ಮಾತು. ಸೆಕೆಂಡಿಗೆ ಏನೂ ಕೇಳಲಿಲ್ಲ, ಕೇಳಲಿಲ್ಲವೆಂದು ಗಾಬರಿಯೂ ಆಗಲಿಲ್ಲ. ದನಿ ತೀರಾ ಕ್ಷೀಣ, ಮೈಕಿನಲ್ಲಿ ಬಿದ್ದಿರುತ್ತದೆ, ಆಮೇಲೆ ಎತ್ತಿ ಕೇಳಿದರಾಯಿತು ಎಂದುಕೊಂಡಳು. ಮೈಕು ಕೇಳಿಸಿಕೊಳ್ಳುತ್ತದೆ ಎಂಬ ನೆಚ್ಚಿಕೆಯಲ್ಲಿ ತಾನು ಕೇಳಿಸಿಕೊಳ್ಳುವುದನ್ನು ಎಂದೋ ಬಿಟ್ಟಿದ್ದಳು. ಕ್ಯಾಮೆರಾದ ಹಿಂದಿನಿಂದ ತಲೆಯಾಡಿಸಿದಳು, ಹೂಂ ಎಂಬಂತೆ. ಅಷ್ಟರಲ್ಲಿ ಹೊದಿಕೆಯ ಆ ತುದಿಯಲ್ಲಿ ಏನೋ ಅಲುಗಿತು. ಬಲಗಾಲು. ನಿಧಾನ ಒತ್ತಿ, ಹಿಡಿದು, ಬಿಟ್ಟಿತು. ಇಷ್ಟು ವರ್ಷ ಕಾದ ದೃಶ್ಯ! ಮುಖ ಬಿಟ್ಟು ಮೆಲ್ಲನೆ ಕ್ಯಾಮೆರಾವನ್ನು ಕಾಲಿನತ್ತ ಹೊರಳಿಸಿದಳು. ಕೈ ನಡುಗದಂತೆ ಉಸಿರು ಕಟ್ಟಿ ಹಿಡಿದಳು. ಮತ್ತೆ ಮುಖಕ್ಕೆ ಮರಳಿದಾಗ ಅಪ್ಪನಿಗೆ ನಿದ್ದೆ ಹತ್ತಿತ್ತು.

ಆ ನಿದ್ದೆಯಿಂದ ಅವರು ಏಳಲಿಲ್ಲ.

ಅಮ್ಮ ಬಂದು, ಮುಟ್ಟಿ ನೋಡಿ, ಅತ್ತು, ಸುಸ್ತಾಗಿ ಗೋಡೆಗೆ ಒರಗಿದ ಮೇಲೆ ಕೇಳಿದ್ದು ಒಂದೇ ಮಾತು: "ಏನಾದ್ರೂ ಅಂದ್ರೇನೇ?"

"ಅಂದ್ರು. ಎಲ್ಲಾ ರೆಕಾರ್ಡ್ ಆಗಿದೆ. ಕೇಳಿಸ್ತೀನಮ್ಮ."

ಅದು ಸುಳ್ಳಾಗಿರಲಿಲ್ಲ. ಆಗ ಅವಳಿಗೆ ಗೊತ್ತಿದ್ದ ನಿಜವೇ ಅದು.

ನೆಂಟರಿಷ್ಟರೆಲ್ಲ ಕರಗಿದ ಮೇಲೆ ಕತ್ತರಿಯ ಕೋಣೆಯಲ್ಲಿ ಅವನು ಆ ದೃಶ್ಯವನ್ನು ಹಾಕಿದ. ಪರದೆಯ ಕೆಳಗೆ ಶಬ್ದದ ಅಲೆ ಇರಬೇಕಾದ ಕಡೆ ಬರೀ ಗೆರೆ ಇತ್ತು. ಒಂದು ಏರಿಲ್ಲ, ಇಳಿವಿಲ್ಲ, ಚಾಪೆ ಹಾಸಿ ಮಲಗಿದಂತೆ. ಕತ್ತರಿ ಕೇಬಲ್ ಕಿತ್ತು ಹಾಕಿದ. ಇನ್ನೊಂದು ಕಿಂಡಿಗೆ ಹಾಕಿದ. ಆಮೇಲೆ ಅವಳ ಮುಖ ನೋಡಿ ಕೇಬಲನ್ನು ಮೇಜಿನ ಮೇಲಿಟ್ಟ.

"ಕ್ಯಾಮೆರಾದ್ದೇ ಮೈಕು?"

"ಫ್ಯಾನಿನ ಸದ್ದು ಬರುತ್ತೆ ಅಂತ ಅದನ್ನ ಯಾವಾಗ್ಲೂ ಬಂದ್ ಮಾಡಿರ್ತೀನಿ."

"ನೀನೇ ಇದ್ದೆಯಲ್ಲ ಅಲ್ಲಿ. ಮಂಚದ ಪಕ್ಕದಲ್ಲೇ."

"ಹೆಡ್‌ಫೋನ್ ಹಾಕ್ಕೊಂಡಿದ್ದೆ."

ಕತ್ತರಿ ತಮಾಷೆಗೆಂದು ಬಾಯಿ ತೆರೆದವನು ಅದನ್ನು ಹಾಗೇ ಮುಚ್ಚಿದ. ಅವನ ಆಯುಷ್ಯದಲ್ಲಿ ಅದು ಅಪರೂಪ.

ಅಲ್ಲಿಂದ ಶುರುವಾಯಿತು ಹದ ಮಾಡುವ ಕೆಲಸ. ಮೊದಲು ಅವಳಿಗೆ ತೋಚಿದ್ದು ಮೌನ. ಇರಲಿ, ಮೂಕವಾಗಿಯೇ ಇರಲಿ, ಅದೇ ಸರಿಯಾದ ರೂಪ ಎಂದಳು. ಎರಡು ದಿನ ಅದನ್ನು ನಂಬಿದಳು. ಮೂರನೆಯ ದಿನ ಅಮ್ಮ ಫೋನು ಮಾಡಿ, "ಕೇಳೋದಕ್ಕೆ ಅಂತ ಕಿವಿಗೆ ಎಣ್ಣೆ ಬಿಟ್ಕೊಂಡಿದೀನಿ ಕಣೇ, ಈಚೆಗೆ ಸ್ವಲ್ಪ ಮಂದ ಆಗಿದೆ," ಎಂದಳು. ಮೌನ ಅಲ್ಲಿಗೆ ಮುಗಿಯಿತು.

ಆಮೇಲೆ ಕಪ್ಪು ಪರದೆ, ಅದರ ಮೇಲೆ ಅಕ್ಷರ: ಇಲ್ಲಿ ಅವರು ಏನೋ ಹೇಳಿದರು. ಕತ್ತರಿ, "ಏನೋ ಅಂದ್ರೆ ಏನು ಅಂತ ನಿಮ್ಮಮ್ಮ ಕೇಳಲ್ವಾ?" ಎಂದ. ಆಮೇಲೆ ನಿಯಮ ಮುರಿದು ತನ್ನ ದನಿಯಲ್ಲೇ ಹೇಳಲು ನೋಡಿದಳು. ಮೈಕಿನ ಮುಂದೆ ಕೂತು 'ನನ್ನ ಅಪ್ಪ' ಎಂದು ಆರಂಭಿಸಿದಳು. ದನಿ ಥೇಟು ಆ ಗದ್ಗದದವರ ದನಿಯಂತೆ ಬಂತು. ಹೆಡ್‌ಫೋನು ಕಿತ್ತು ಎಸೆದಳು.

ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಒಬ್ಬ ನಟನನ್ನು ಕರೆತಂದು ಅದೇ ಮಂಚದ ಮೇಲೆ ಮಲಗಿಸಿದಳು. ಕಲಿಕೆಯವರಿಗೆ ರಜೆ ಕೊಟ್ಟು ಬಂದ ಅಣ್ಣ ಬಾಗಿಲಿಗೆ ಒರಗಿ ನೋಡುತ್ತ ನಿಂತ. ನಟ ಒಳ್ಳೆಯವನು, ಪಾತ್ರಕ್ಕೆ ಪ್ರಾಣ ಕೊಡುವವನು. ಇಲ್ಲಿ ಪ್ರಾಣ ಬಿಡಬೇಕಿತ್ತು. ಬಿಡಲಿಕ್ಕೆ ಅವನಿಗೆ ಮನಸ್ಸೇ ಬರಲಿಲ್ಲ. ಉಸಿರೆಳೆದ, ಬಿಟ್ಟ, ಕೈ ಚಾಚಿದ, ಮತ್ತೆ ಎಳೆದ.

"ಅಪ್ಪ ಇಷ್ಟೊತ್ತು ಸತ್ತಿರಲಿಲ್ಲ," ಎಂದ ಅಣ್ಣ.

"ನೀನು ಸುಮ್ನಿರು."

"ಅಲ್ವೇ ಸೆಕೆಂಡು, ಅಸಲಿ ನಿನ್ನ ಹತ್ರ ಇಟ್ಕೊಂಡು ಈ ನಕಲಿ ಯಾಕೆ ತೆಗೀತಿದೀಯ?"

"ಇದು ಸಿನಿಮಾದ ಫಾರ್ಮ್ ಅಣ್ಣ. ನಿಂಗೆ ಅರ್ಥ ಆಗಲ್ಲ."

"ನಂಗೆ ಅರ್ಥ ಆಗದೆ ಇರೋದೇ ಒಳ್ಳೇದು ಬಿಡು. ಸರ್, ಕಾಫಿ ಕುಡೀತೀರಾ? ಸತ್ತಿದ್ದು ಸಾಕು, ಎದ್ದೇಳಿ."

ಊರಿನ ಸಿನಿಮಾ ಸಂಘದವರು ಚಿತ್ರವನ್ನು ತೋರಿಸಲು ಒಪ್ಪಿ ದಿನವನ್ನೂ ಗೊತ್ತು ಮಾಡಿದರು. ಸುದ್ದಿ ಅಮ್ಮನಿಗೆ ತಲುಪಿತು. ಅಮ್ಮನ ಬೇಡಿಕೆ ಒಂದೇ ಆಗಿತ್ತು, ಅದನ್ನು ಅವಳು ಅಣ್ಣನ ಕೈಲಿ ಹೇಳಿಕಳಿಸಲಿಲ್ಲ, ತಾನೇ ಹೇಳಿದಳು: "ಜನ ಕೇಳೋಕೆ ಮುಂಚೆ ನಾನು ಕೇಳ್ಬೇಕು. ಹೆಂಡತಿ ಆದವಳು ಥಿಯೇಟರಲ್ಲಿ ಹತ್ತು ಜನರ ಜೊತೆ ಕೂತು ಕೇಳೋ ಮಾತಲ್ಲ ಅದು. ಗುರುವಾರ ಬರ್ತೀನಿ."

ಸೆಕೆಂಡಿಗೆ ನಿಜ ಹೇಳಿಬಿಡುವ ದಾರಿ ಇತ್ತು. ಬುಧವಾರದವರೆಗೂ ಇತ್ತು. ಅದರ ಬದಲು ಅವಳು ಕಾರಿನೊಳಗಿನ ಹಳೆಯ ದೃಶ್ಯಗಳನ್ನೆಲ್ಲ ಕೆದಕಿದಳು. ಅಪ್ಪನ ದನಿ ಅವಳ ಬಳಿ ಬೇಕಾದಷ್ಟಿತ್ತು. ಎಡಗಡೆ ನೋಡ್ಕೋ. ಕನ್ನಡಿ ನೋಡ್ಕೋ. ಆ ಸ್ಕೂಟರಿನವಳಿಗೆ ಅವಸರ, ಅವಳನ್ನ ಮುಂದೆ ಬಿಡು.

ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಕಾಲ ದುಡಿದವಳಾದ್ದರಿಂದ ತುಟಿಯ ಲೆಕ್ಕಾಚಾರ ಅವಳಿಗೆ ಗೊತ್ತಿತ್ತು. ದೃಶ್ಯದಲ್ಲಿ ಅಪ್ಪನ ತುಟಿಗಳು ಒಮ್ಮೆಯೂ ಒಂದಕ್ಕೊಂದು ತಾಗುವುದಿಲ್ಲ. ತುಟಿ ಸೇರದೆ 'ಅಮ್ಮ' ಎನ್ನಲು ಬರುವುದಿಲ್ಲ. 'ನಿಮ್ಮಮ್ಮ' ಎನ್ನಲಂತೂ ಬರುವುದೇ ಇಲ್ಲ. ಅಪ್ಪ ಆಡಿದ ಮಾತು ಯಾವುದಿದ್ದರೂ ಅದರಲ್ಲಿ ಅಮ್ಮ ಇರಲಿಲ್ಲ. ಇದನ್ನು ಅವಳು ಕತ್ತರಿಗೂ ಹೇಳಿರಲಿಲ್ಲ. ಒಂದು ಪಾಠದಿಂದ 'ಅವಳನ್ನ' ಎಂಬುದನ್ನೂ ಇನ್ನೊಂದರಿಂದ 'ನೋಡ್ಕೋ' ಎಂಬುದನ್ನೂ ಕತ್ತರಿಸಿ, ಎಂಜಿನ್ನಿನ ಸದ್ದು ಸೋಸಿ, ದನಿಯನ್ನು ತಗ್ಗಿಸಿ, ಜೋಡಿಸಿ ತುಟಿಯ ಮೇಲೆ ಕೂರಿಸಿದಳು. ಕೂತಿತು.

ಕತ್ತರಿ ಒಮ್ಮೆ ನೋಡಿದ. ಎರಡನೆಯ ಸಲ ನೋಡಲಿಲ್ಲ.

"ಚೆನ್ನಾಗಿದೆಯಾ?"

"ಚೆನ್ನಾಗಿರೋದೇ ತೊಂದರೆ," ಎಂದ. "ಕಾಲಿನ ಶಾಟ್ ಮಾತ್ರ ಮುಟ್ಬೇಡ. ಸಾಯೋವಾಗಲೂ ಬ್ರೇಕ್ ಹಾಕೋ ಮೇಷ್ಟ್ರು, ಹಿಂದೆ ಗೋಡೆ ಮೇಲೆ ಯೂ ಟರ್ನ್ ಇಲ್ಲ ಅನ್ನೋ ಚಿಹ್ನೆ. ಸೆಟ್ ಹಾಕಿದ್ರೂ ಹೀಗೆ ಬರಲ್ಲ."

ಗುರುವಾರ ಅಮ್ಮ ಇಸ್ತ್ರಿಯ ಸೀರೆ ಉಟ್ಟು ಬಂದಳು. ಕತ್ತರಿ ತನ್ನ ಒಳ್ಳೆಯ ಕುರ್ಚಿಯನ್ನು ಬಿಟ್ಟುಕೊಟ್ಟ. ಅಮ್ಮ ಅದರ ತುದಿಯಲ್ಲಿ ಕೂತು, ಸುತ್ತಲಿನ ಯಂತ್ರಗಳನ್ನೂ ಕಿಟಕಿಗೆ ಬಡಿದಿದ್ದ ಕಪ್ಪು ಬಟ್ಟೆಯನ್ನೂ ನೋಡಿ, "ಇಷ್ಟು ಕತ್ತಲೆಯಲ್ಲಿ ಹೆಂಗಪ್ಪ ಇರ್ತೀರ?" ಎಂದಳು.

"ಅಭ್ಯಾಸ ಅಮ್ಮ. ಬೆಳಕಿಗೆ ಹೋದ್ರೆ ಶೀತ ಆಗುತ್ತೆ ನಂಗೆ."

ಅಮ್ಮ ನಕ್ಕಳು. ನಗು ಮುಗಿದ ಮೇಲೆ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. "ಹಾಕಪ್ಪ."

ಅಪ್ಪ ಕಣ್ಣು ತೆರೆದರು, ಸ್ಟೂಲಿನ ಕಡೆ ನೋಡಿದರು, ಲೆನ್ಸಿನತ್ತ ತಿರುಗಿ, "ಅವಳನ್ನ ನೋಡ್ಕೋ," ಎಂದರು.

ಸೆಕೆಂಡು ಪರದೆಯನ್ನು ನೋಡುತ್ತಿರಲಿಲ್ಲ, ಅಮ್ಮನ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಏನೋ ಅರಳಲಿಕ್ಕೆಂದು ಹೊರಟು ಅರ್ಧದಲ್ಲಿ ನಿಂತಿತು.

"ಇನ್ನೊಂದ್ಸಲ."

ಕತ್ತರಿ ಮತ್ತೆ ಹಾಕಿದ.

"ದನಿ ಅವರದ್ದೇ," ಎಂದಳು ಅಮ್ಮ ನಿಧಾನವಾಗಿ. "ಆದ್ರೆ ಇದು ಕಾರಲ್ಲಿ ಕೂತಿರೋ ದನಿ. ಬೆಲ್ಟ್ ಹಾಕ್ಕೊಂಡಿರೋ ದನಿ. ಮಲಗಿದವರ ದನಿ ಹೀಗಿರಲ್ಲ. ಆ ಕೊನೇ ತಿಂಗಳು ಅವರ ದನಿ ಹೇಗಿತ್ತು ಅಂತ ನಂಗೊತ್ತಿಲ್ವಾ? ಅದೂ ಅಲ್ದೆ, ನನ್ನ ಯಾವತ್ತು 'ಅವಳು' ಅಂದಿದ್ರು? ನಿಮ್ಮಮ್ಮ ಅಂತಿದ್ರು. ಸಿಟ್ಟು ಬಂದ್ರೂ ನಿಮ್ಮಮ್ಮ, ಸರಿ ಇದ್ರೂ ನಿಮ್ಮಮ್ಮ."

ಯಂತ್ರದ ಫ್ಯಾನು ಸುಯ್ಯೆನ್ನುತ್ತಿತ್ತು.

"ಏನು ಮಾಡಿದೀಯ ಇದಕ್ಕೆ?"

"ಅಮ್ಮ, ಆವತ್ತು ಮೈಕ್..." ಸೆಕೆಂಡು ಮೇಜಿನ ಮೇಲಿದ್ದ ಹೆಡ್‌ಫೋನನ್ನು ದೂರ ಸರಿಸಿದಳು. "ಶಬ್ದ ಬಂದಿಲ್ಲಮ್ಮ. ಬರೀ ಚಿತ್ರ ಬಂದಿದೆ."

ಬೈಗುಳಕ್ಕೆ ಅವಳು ಸಿದ್ಧಳಿದ್ದಳು. ಅಮ್ಮ ಬೈಯಲಿಲ್ಲ. ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದದ್ದನ್ನು ಮನಸ್ಸಿನಲ್ಲೇ ಮನೆಮನೆಗೂ ಹೋಗಿ ವಾಪಸು ತೆಗೆದುಕೊಳ್ಳುತ್ತಿದ್ದಾಳೋ ಎಂಬಂತೆ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ, "ಹಾಗಾದ್ರೆ ಆ ದನಿ ತೆಗೀರಿ. ಬರೀ ಮುಖ ತೋರ್ಸಿ," ಎಂದಳು.

ಕತ್ತರಿ ದನಿ ತೆಗೆದ. ಅಪ್ಪ ಕಣ್ಣು ತೆರೆದರು. ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅಪ್ಪ ಸ್ಟೂಲಿನ ಕಡೆ ನೋಡಿದರು, ತಿರುಗಿದರು, ತುಟಿ ಆಡಿತು. ಅಮ್ಮನ ತುಟಿಯೂ ಅದರ ಜೊತೆಗೇ, ತನಗೆ ಗೊತ್ತಿಲ್ಲದೆ, ಆಡಿತು.

"ನೀರು ಕೇಳ್ತಿದಾರೆ ಕಣೇ," ಎಂದಳು.

ಹೇಳಿದ ರೀತಿಯಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಬಾಗಿಲು ತಟ್ಟಿದ್ದು ಯಾರೆಂದು ಒಳಗಿಂದಲೇ ಹೇಳುವವರ ಹಾಗೆ ಹೇಳಿದಳು. ತಿಂಗಳುಗಟ್ಟಲೆ ಚಮಚದಲ್ಲಿ ಆ ಬಾಯಿಗೆ ನೀರು ಬಿಟ್ಟವಳು ಅವಳು. 'ನೀರು ಕೊಡು' ಎಂದು ಆ ತುಟಿಗಳು ಎಷ್ಟು ಸಲ ಅವಳ ಮುಂದೆ ಹಾಗೇ ಆಡಿದ್ದವೋ. ಹೇಳಿದ ಮೇಲೆ ಅವಳ ಮುಖ ಒಂದು ಗಳಿಗೆ ಹಗುರವಾಯಿತು, ಇಷ್ಟೇನಾ, ಇಷ್ಟಕ್ಕೇನಾ ವರ್ಷವಿಡೀ ಕಾದದ್ದು ಎನ್ನುವಂತೆ.

ಪರದೆಯಲ್ಲಿ ಚಿತ್ರ ಒಂದಿಷ್ಟು ಮೇಲೆ ಕೆಳಗೆ ಅಲುಗಿತು. ಕ್ಯಾಮೆರಾದ ಹಿಂದಿನ ತಲೆ ಹೂಂ ಎಂದದ್ದು ಅದು. ಆಮೇಲೆ ಚೌಕಟ್ಟು ಮುಖವನ್ನು ಬಿಟ್ಟು ಹೊದಿಕೆಯ ಗುಂಟ ಕಾಲಿನತ್ತ ಸಾಗಿತು.

"ಕಾಲು ಯಾಕೆ ತೋರಿಸ್ತಿದೀಯ? ಮುಖಕ್ಕೆ ಹೋಗು."

"ಅದು ಹಾಗೇ ಇರೋದಮ್ಮ. ಆಗಲೇ ತೆಗೆದಿರೋದು."

"ಓ." ಬಲಗಾಲು ಒತ್ತಿತು, ಹಿಡಿಯಿತು, ಬಿಟ್ಟಿತು. ಅಮ್ಮ ಅದನ್ನು ನೋಡಲೇ ಇಲ್ಲ. ಅವಳ ಕಣ್ಣು ಪರದೆಯ ಎಡ ಅಂಚಿನಲ್ಲಿತ್ತು, ಮುಖ ಹೊರಟುಹೋದ ಅಂಚಿನಲ್ಲಿ. "ಲೋಟ ಎಲ್ಲೇ? ಸ್ಟೂಲ್ ಮೇಲೆ ಇಟ್ಟು ಹೋಗಿದ್ನಲ್ಲ. ಕಾಣಲೇ ಇಲ್ಲ."

ಕತ್ತರಿಯ ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು. ಅವನು ಸೆಕೆಂಡಿನ ಕಡೆ ನೋಡಿದ. ಅವಳು ಸನ್ನೆ ಮಾಡಿದ್ದರೆ ಸಾಕಿತ್ತು.

"ಕೊಟ್ಯಾ?" ಎಂದಳು ಅಮ್ಮ, ಪರದೆಯಿಂದ ಕಣ್ಣು ಕೀಳದೆ.

ಸೆಕೆಂಡು ತಲೆಯಾಡಿಸಿದಳು, ಹೂಂ ಎಂಬಂತೆ. ಆ ತಲೆಯಾಡಿಕೆ ಅಂದಿನದೇ ಆಗಿತ್ತು.

"ಅದೇ ಅಂದ್ಕೊಂಡೆ. ಈಗ ಕೊಟ್ಟಿರ್ತೀಯ. ಕಾಲು ತೋರಿಸ್ತಾ ಇದೆಯಲ್ಲ, ಆವಾಗ. ಒಂದು ಕೈಲಿ ಇದನ್ನ ಹಿಡ್ಕೊಂಡು, ಇನ್ನೊಂದು ಕೈಲಿ ಚಮಚ. ನಮಗೆ ಕಾಣ್ತಿಲ್ಲ ಅಷ್ಟೇ." ಅಮ್ಮ ಸರಸರನೆ ಹೇಳುತ್ತಿದ್ದಳು, ಜಾರುವ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿಯಲು ನೋಡುವವಳಂತೆ. "ಈಗ ಮುಖ ಬರುತ್ತೆ ನೋಡು. ನಿನ್ನ ಕೈನೂ ಬರುತ್ತೆ."

ಕಾಲಿನ ಮೇಲೆ ಚೌಕಟ್ಟು ಬಹಳ ಹೊತ್ತು ನಿಂತಿತ್ತು. ಎಂಥ ನಿಶ್ಚಲ ಶಾಟು ಅದು. ಕೈಯಲ್ಲೇ ಹಿಡಿದು ತೆಗೆದದ್ದು ಎಂದರೆ ನಂಬುವವರಿರಲಿಲ್ಲ, ದನಿಯಿಲ್ಲದ ಕರಡನ್ನು ನೋಡಿದ್ದ ಸಂಘದವರು ಅದನ್ನೇ ಹೊಗಳಿ ಬರೆದಿದ್ದರು. ಕೊನೆಗೆ ಅದು ಮೆಲ್ಲನೆ, ಅವಸರವಿಲ್ಲದೆ, ಹೊದಿಕೆಯ ಗುಂಟ ಹಿಂದಿರುಗಿತು. ಎದೆ. ಮೈಕಿನ ಪುಟ್ಟ ಕಪ್ಪು ಗುಂಡಿ. ಗದ್ದ. ಬಾಯಿ.

ಬಾಯಿ ಅರ್ಧ ತೆರೆದಿತ್ತು. ತುಟಿಯ ಮೇಲೆ ಒಣಗಿದ ಬಿಳಿ ಹೊಟ್ಟು ಮುಂಚೆ ಇದ್ದ ಹಾಗೇ ಇತ್ತು. ಒಂದು ಚಮಚ ನೀರು ಬಿದ್ದಿದ್ದರೂ ಅದು ಕರಗುತ್ತಿತ್ತು. ಗದ್ದದ ಮೇಲೆ ಒಂದು ಹನಿಯಿಲ್ಲ, ಕೊರಳ ಹತ್ತಿರ ಅಂಗಿ ಒದ್ದೆಯಾಗಿಲ್ಲ. ಅಮ್ಮ ಬಾಗಿ ನೋಡಿದಳು. ಪರದೆಯ ಬೆಳಕು ಅವಳ ಕನ್ನಡಕದಲ್ಲಿ ಎರಡು ಪುಟ್ಟ ಚೌಕಗಳಾಗಿ ನಿಂತಿತ್ತು. ಅವಳು ಕಾಯುತ್ತಿದ್ದಳು. ಚೌಕಟ್ಟಿನ ಬಲಗಡೆಯಿಂದ, ಇಲ್ಲವೇ ಕೆಳಗಡೆಯಿಂದ, ಎಲ್ಲಿಂದಲಾದರೂ. ಅಪ್ಪನ ಎದೆ ಏರಿತು, ಇಳಿಯಿತು. ಯಾವ ಕೈಯೂ ಬರಲಿಲ್ಲ.

ಶಾಟು ತಾನಾಗಿ ಮುಗಿದು ಪರದೆ ಕಪ್ಪಾಯಿತು.

ಕತ್ತರಿ ಎದ್ದು, ಟೀ ತರುತ್ತೇನೆ ಎಂದೋ ಏನೋ ಗೊಣಗಿ ಹೊರಗೆ ಹೋದ. ಬಾಗಿಲು ಹಾಕಿಕೊಂಡ ಸದ್ದಾಯಿತು.

"ಅಮ್ಮ, ಕೇಳಿಸಲಿಲ್ಲಮ್ಮ. ನಿಜವಾಗ್ಲೂ. ಕಿವಿಗೆ ಅದು ಹಾಕ್ಕೊಂಡಿದ್ದೆ."

"ಹೂಂ."

"ಕೇಳಿಸಿದ್ದಿದ್ರೆ ಕೊಡ್ತಿರಲಿಲ್ವಾ?"

ಅಮ್ಮ ಸೀರೆಯ ನೆರಿಗೆಯನ್ನು ಮೊಣಕಾಲಿನ ಮೇಲೆ ಸವರಿದಳು, ಮತ್ತೆ ಸವರಿದಳು. ಅಲ್ಲಿ ಸುಕ್ಕೇನೂ ಇರಲಿಲ್ಲ.

"ಇದನ್ನ ಎಷ್ಟು ಜನ ನೋಡ್ತಾರೆ?"

"ಗೊತ್ತಿಲ್ಲಮ್ಮ. ನಾನು ಇದನ್ನ ತೋರಿಸಲ್ಲ. ಬೇಡ ಅಂತ ಹೇಳಿಬಿಡ್ತೀನಿ ಅವರಿಗೆ."

"ತೋರಿಸದೆ ಇದ್ರೆ ಯಾಕೆ ಅಂತ ಕೇಳ್ತಾರೆ. ನಿಮ್ಮಣ್ಣ ಕೇಳ್ತಾನೆ. ಚಿಕ್ಕಮ್ಮ ಕೇಳ್ತಾಳೆ. ನಾನು ಊರಿಗೆಲ್ಲ ಹೇಳಿದೀನಿ." ಅಮ್ಮ ಎದ್ದು ನಿಂತಳು. ಕುರ್ಚಿಯ ಬೆನ್ನು ಹಿಡಿದುಕೊಂಡು, ಕಪ್ಪು ಪರದೆಗೆ ಹೇಳುವವಳಂತೆ ಹೇಳಿದಳು: "ಆ ದನಿನೇ ಹಾಕ್ಬಿಡು."

"ಅಮ್ಮ..."

"ಅವಳನ್ನ ನೋಡ್ಕೋ ಅಂದ್ರು ಅಂತಲೇ ಇರ್ಲಿ. ಯಾರೋ ಒಬ್ಬಳು ಅವಳು. ನೀರು ಕೇಳಿದ್ರು ಅನ್ನೋದಕ್ಕಿಂತ ವಾಸಿ."

ಕತ್ತರಿ ಟೀ ತಂದಿರಲಿಲ್ಲ, ಟೀ ಸಿಕ್ಕಿರಲಿಲ್ಲವೋ ಏನೋ. ಬಾಗಿಲಲ್ಲಿ ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ನಿಂತಿದ್ದ. ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕುಡಿಯಲಿಲ್ಲ. ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿ, ಕೊನೆಗೆ ಮಗಳ ಕೈಗೆ ಕೊಟ್ಟು, ಮೆಟ್ಟಿಲಿಳಿದು ಹೋದಳು. ಸೆಕೆಂಡು ಹಿಂದೆಯೇ ಹೊರಟವಳು ಮೆಟ್ಟಿಲ ತುದಿಯಲ್ಲೇ ನಿಂತಳು. ಕೆಳಗೆ ಅಣ್ಣ ಕಾರು ತಂದಿದ್ದ. ತಲೆಯ ಮೇಲಿನ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಸಮೇತ. "ಕೇಳಿದ್ಯಾ? ಏನಂದ್ರಂತೆ?" ಎಂದು ಅವನು ಕೇಳಿದ್ದು ಮೇಲಿನವರೆಗೂ ಕೇಳಿಸಿತು. ಅಮ್ಮ ಏನು ಹೇಳಿದಳೆಂಬುದು ಕೇಳಿಸಲಿಲ್ಲ. ಅಣ್ಣ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅಮ್ಮ ಹಿಂದಿನ ಸೀಟಿಗೆ ಹತ್ತಿದಳು. ಮೇಲೆ ನೋಡಲಿಲ್ಲ.

ಸೆಕೆಂಡು ಒಳಗೆ ಬಂದಳು. ಲೋಟ ಇನ್ನೂ ಕೈಯಲ್ಲೇ ಇತ್ತು. ಕತ್ತರಿ ತನ್ನ ಕುರ್ಚಿಯಲ್ಲಿ ಕೂತು ದನಿಯ ತುಣುಕನ್ನು ಮತ್ತೆ ಅದರ ಜಾಗಕ್ಕೆ ಎಳೆದ. ಸರಿ ಕೂತಿದೆಯೇ ನೋಡಲು ಒಮ್ಮೆ ಓಡಿಸಬೇಕಿತ್ತು. ಓಡಿಸಿದ. ಅಪ್ಪ ಕಣ್ಣು ತೆರೆದು, ಕಾರಿನಲ್ಲಿ ಕೂತ ದನಿಯಲ್ಲಿ, ಆ ಸ್ಕೂಟರಿನವಳನ್ನು ನೋಡಿಕೋ ಎಂದರು. ತುಟಿಗೂ ದನಿಗೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ.

"ಸರಿ ಇದೆಯಾ?" ಎಂದ ಕತ್ತರಿ.

ಅವಳಿಗೆ ಕೇಳಿಸುತ್ತಿದ್ದದ್ದು ಇನ್ನೊಂದು ಮಾತು. ಅದು ಈಗ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದರ ಮೇಲೆ ಯಾವ ದನಿ ಹಾಕಿದರೂ ಮುಚ್ಚುವಂತಿರಲಿಲ್ಲ.

"ಸರಿ ಇದೆ," ಎಂದಳು.